ಬಾಣಂತನಕ್ಕೆ ಜನ ಬೇಕಾಗಿದ್ದಾರೆಯೇ?

ಚೊಚ್ಚಲ ಬಾಣಂತನ ಎಂದರೆ ತವರುಮನೆ, ತವರುಮನೆ ಎಂದರೆ ಅಮ್ಮ. ಎಣ್ಣೆ ಹಚ್ಚಿ ನೀರು ಹಾಕುವವಳು, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ, ಮೆಣಸಿನ ಸಾರು ಬಡಿಸುವವಳು, ನಡುರಾತ್ರಿ ಮಗು ಅತ್ತರೆ "ನೀನು ಮಲಕ್ಕೋ, ನಾನು ಎತ್ಕೋತೀನಿ" ಎನ್ನುವವಳು ಅವಳೇ. ಆದರೆ ಈಗಿನ ಅಜ್ಜಿಯರಲ್ಲಿ ಅನೇಕರು ಇನ್ನೂ ನೌಕರಿಯಲ್ಲಿದ್ದಾರೆ. ಕೆಲವರಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ತಾಯಿಯೇ ಇಲ್ಲದ ಹೆಣ್ಣುಮಕ್ಕಳೂ ಇದ್ದಾರಲ್ಲ! ಹೀಗಾಗಿ ಬೆಂಗಳೂರಿನಂಥ ಊರುಗಳಲ್ಲಿ ಬಾಣಂತನಕ್ಕೆಂದು ಸಂಬಳ ಕೊಟ್ಟು ಹೆಂಗಸೊಬ್ಬರನ್ನು ಗೊತ್ತುಮಾಡಿಕೊಳ್ಳುವ ಮನೆಗಳಿವೆ. ಇದಕ್ಕೆಂದೇ ತರಬೇತಿ ಪಡೆದವರನ್ನು 'ಡೂಲಾ' ಎಂದೂ ಕರೆಯುತ್ತಾರೆ.

"ಅಯ್ಯೋ, ದುಡ್ಡು ಕೊಟ್ಟು ಬಾಣಂತನ ಮಾಡಿಸ್ಕೋಬೇಕೇನ್ರೀ?" ಎಂದು ಮೂಗು ಮುರಿಯಬೇಡಿ. ಕೂಸಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿಗೆ ಅಕ್ಕಿ, ಸೀರೆ, ಕುಪ್ಪಸದ ಕಣ ಕೊಟ್ಟು ಕಳಿಸುತ್ತಿದ್ದವರು ನಾವೇ ತಾನೆ?

ಆದರೆ ಗೊತ್ತುಮಾಡುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಸ್ಪಷ್ಟವಾಗಿರಲಿ. ಈಕೆ ಬರುವುದು ಯಾರಿಗಾಗಿ? "ಮಗು ನೋಡ್ಕೊಳ್ಳೋಕೆ" ಎನ್ನುವವರೇ ಹೆಚ್ಚು. ಎಡವುವುದು ಇಲ್ಲಿಯೇ. ಆಕೆ ನೋಡಿಕೊಳ್ಳಬೇಕಾದದ್ದು ಮೊದಲು ತಾಯಿಯನ್ನು. ಡೂಲಾ ಎನ್ನುವುದು ಗ್ರೀಕ್ ಮಾತು, ಸೇವಕಿ ಎಂದರ್ಥ. ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಫೇಲ್ ಎದೆಹಾಲಿನ ಬಗ್ಗೆ ಬರೆದು 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪದವನ್ನು ಬಳಸಿದರು. ಹೆತ್ತವಳ ಜೊತೆಗಿದ್ದು ಆಸರೆ ಕೊಡುವ ಹೆಂಗಸಿದ್ದರೆ ಹಾಲೂಡಿಸುವುದು ಸುಸೂತ್ರವಾಗುತ್ತದೆ ಎಂಬುದು ಅವರ ವಾದ. ನಮ್ಮ ಅಜ್ಜಿಯರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಮಗು ಚೀಪಿದಷ್ಟೂ ಹಾಲು ಊರುತ್ತದೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ. "ಪಾಪ, ತಾಯಿ ಮಲಗಲಿ" ಎಂದು ಮೊದಲ ವಾರಗಳಲ್ಲೇ ರಾತ್ರಿ ಹೊತ್ತು ಡಬ್ಬದ ಹಾಲಿನ ಬಾಟಲಿ ಹಿಡಿಸುವ ಸಹಾಯಕಿ ಉಪಕಾರ ಮಾಡಿದಂತೆ ಕಂಡರೂ, ತಿಂಗಳು ತುಂಬುವ ಹೊತ್ತಿಗೆ "ನನಗೆ ಹಾಲೇ ಸಾಲದು" ಎಂದು ತಾಯಿ ಕಣ್ಣೀರಿಡುವಂತಾದೀತು. ಕೆಲಸ ತಿಳಿದವಳು ಮಗುವನ್ನು ತಾಯಿಯ ಬಳಿಗೇ ತರುತ್ತಾಳೆ. ಬೆನ್ನಿಗೆ ದಿಂಬು ಕೊಡುತ್ತಾಳೆ. ತೊಟ್ಟಷ್ಟೇ ಅಲ್ಲದೆ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಮಗುವಿನ ಬಾಯೊಳಗಿದೆಯೇ, ಗಲ್ಲ ಎದೆಗೆ ತಾಗಿದೆಯೇ ನೋಡುತ್ತಾಳೆ. ಕುಡಿದಾದ ಮೇಲೆ ತೇಗು ಬರಿಸಿ, ಬಟ್ಟೆ ಬದಲಾಯಿಸಿ, ಅಂಗಾತ ಮಲಗಿಸುವುದು ಅವಳ ಕೆಲಸ. ಊಡಿಸುವುದು, ನಿದ್ದೆ ಮಾಡುವುದು ಇವೆರಡೇ ತಾಯಿಯ ಕೆಲಸ.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಎಳೆಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಐದು ದಿನ ಕಳೆದ ಮೇಲೆ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಇಳಿಯುವ ತೂಕ ಎರಡು ವಾರದ ಹೊತ್ತಿಗೆ ಸಾಮಾನ್ಯವಾಗಿ ಮರಳಿ ಬರುತ್ತದೆ. ಇವುಗಳಲ್ಲಿ ವ್ಯತ್ಯಾಸ ಕಂಡರೆ ಡಾಕ್ಟರರನ್ನು ಕೇಳಿ, ಪಕ್ಕದ ಮನೆಯವರನ್ನಲ್ಲ.

ಆಯ್ಕೆಗೆ ಏಳನೆಯ ತಿಂಗಳಲ್ಲೇ ತೊಡಗಿ. ಹಿಂದೆ ಕೆಲಸ ಮಾಡಿದ ಎರಡು ಮನೆಯವರ ಜೊತೆ ನೀವೇ ಮಾತಾಡಿ. ಗುರುತಿನ ಚೀಟಿ ನೋಡಿ. ಬಹಳ ದಿನದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆಯಾಗದೆ ಬೇಡ. ಉಗುರು ಕತ್ತರಿಸಿರಬೇಕು, ಮಗುವನ್ನು ಮುಟ್ಟುವ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. "ಮಗು ಹಾಲು ಹಿಡೀದೆ ಅತ್ತರೆ ಏನ್ಮಾಡ್ತೀರಮ್ಮಾ?" ಎಂದು ಕೇಳಿ ನೋಡಿ. "ಬಾಟ್ಲಿ ಹಾಕ್ಬಿಡ್ತೀನಿ" ಎಂಬ ಉತ್ತರ ಬಂದರೆ ಇನ್ನೊಬ್ಬರನ್ನು ಹುಡುಕಿ.

ಇನ್ನು ಕೆಲವು ವಿಷಯಗಳನ್ನು ಮೊದಲ ದಿನವೇ ಹೇಳಿಬಿಡಬೇಕು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಕೂಡದು. ರೋಗ ತಡೆಯುವ ಶಕ್ತಿ ಇರುವುದು ಅದರಲ್ಲೇ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಸಕ್ಕರೆ ನೀರು, ಬಜೆ ತೇಯ್ದದ್ದು ಯಾವುದೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೂ ಕೂಡದು, ಎಳೆಮಕ್ಕಳಿಗೆ ಅದರಿಂದ ಪ್ರಾಣಾಪಾಯವಾಗಬಹುದು. ಕಿವಿ ಮೂಗಿಗೆ ಎಣ್ಣೆ ಬಿಡಬಾರದು. ಕದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಬೇಡವೇ ಬೇಡ. "ಬಾಣಂತಿ ನೀರು ಕುಡೀಬಾರ್ದು" ಎನ್ನುವುದು ಕೂಡ ಸರಿಯಲ್ಲ, ಬಾಯಾರಿದಷ್ಟೂ ಕುಡಿಯಲಿ. ಹಾಗೆಂದು ಹಳೆಯದನ್ನೆಲ್ಲ ತಳ್ಳಿಹಾಕಬೇಕಿಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಒಗ್ಗರಣೆ, ಒಂದು ಅಂಟಿನ ಉಂಡೆ ಬಾಣಂತಿಯ ನಾಲಿಗೆಗೂ ಹಿತ, ಮೈಗೂ ಹಿತ. ಜೊತೆಗೆ ಬೇಳೆ, ಹಣ್ಣು, ತರಕಾರಿ ಇರಲಿ.

ಈ ಮಾತುಗಳನ್ನು ಗಂಡನೇ ತನ್ನ ತಾಯಿಗೂ ಅತ್ತೆಗೂ ಮುಂಚಿತವಾಗಿ ತಿಳಿಸಿದರೆ ಒಳ್ಳೆಯದು. ಹಸಿ ಬಾಣಂತಿ ಅತ್ತೆಯ ಎದುರು ವಾದಕ್ಕೆ ನಿಲ್ಲುವಂತಾಗಬಾರದು.

ಬಂದವರಿಗೂ ನ್ಯಾಯವಾಗಿ ನಡೆದುಕೊಳ್ಳೋಣ. ಎಷ್ಟು ದಿನ, ಎಷ್ಟು ಗಂಟೆ, ಎಷ್ಟು ಸಂಬಳ, ವಾರಕ್ಕೊಂದು ರಜೆ ಎಲ್ಲವೂ ಕಾಗದದ ಮೇಲೆ ಇರಲಿ. ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ಹಗಲು ನಾಲ್ಕಾರು ಗಂಟೆ ನಿದ್ದೆ ಬೇಡವೇ? ಮನೆಯವರೆಲ್ಲರ ಬಟ್ಟೆ, ಪಾತ್ರೆ ಅವರ ತಲೆಗೆ ಕಟ್ಟಬೇಡಿ. "ಏ ಆಯಾ" ಎನ್ನುವ ಬದಲು ಅಕ್ಕ, ಅಮ್ಮ ಎಂದು ಕರೆದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಆಕೆ ಎಷ್ಟೇ ಅನುಭವಸ್ಥೆಯಾಗಿದ್ದರೂ ಡಾಕ್ಟರಲ್ಲ ಎಂಬುದು ನೆನಪಿರಲಿ. ಮಗು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಗೆ ಎಳೆದರೆ, ಅಂಗೈ ಅಂಗಾಲು ಹಳದಿಯಾದರೆ, ತಾಯಿಗೆ ವಿಪರೀತ ರಕ್ತಸ್ರಾವ, ಜ್ವರ, ತಡೆಯಲಾರದ ತಲೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ತಾಯಿಯ ಮನಸ್ಸನ್ನೂ ಗಮನಿಸಿ. ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದುಂಟು. ಎರಡು ವಾರ ದಾಟಿದರೂ ಅದು ನಿಲ್ಲದಿದ್ದರೆ, ಮಗು ಬೇಡವೆನ್ನಿಸಿದರೆ "ಕೊಬ್ಬು" ಎಂದು ಬೈಯಬೇಡಿ. ಅದೂ ಒಂದು ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುವಂಥದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಸಂಬಳ ಕೊಡುವ ಶಕ್ತಿ ಎಲ್ಲರಿಗೂ ಎಲ್ಲಿಂದ ಬಂತು ಎನ್ನುತ್ತೀರಾ? ನಿಜ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಭೇಟಿ ಕೊಡಬೇಕೆಂಬ ನಿಯಮವಿದೆ. ಮಗುವಿನ ತೂಕ ನೋಡುವುದು, ಹಾಲೂಡಿಸಲು ನೆರವಾಗುವುದು ಅವರ ಕರ್ತವ್ಯ. ಅವರನ್ನು ಬಾಗಿಲಲ್ಲೇ ಸಾಗಹಾಕದೆ ಒಳಗೆ ಕರೆದು ಕೂರಿಸಿ, ಸಂಕೋಚವಿಲ್ಲದೆ ಕೇಳಿ.

ಕೊನೆಗೊಂದು ಕಿವಿಮಾತು. ಸಹಾಯಕಿ ಹೊರಡುವ ಹಿಂದಿನ ವಾರ ಮಗುವಿಗೆ ನೀರು ಹಾಕುವುದನ್ನು ತಾಯಿಯೇ ಮಾಡಲಿ, ಆಕೆ ಪಕ್ಕದಲ್ಲಿ ನಿಂತು ನೋಡಲಿ. ಆಕೆ ಹೋದ ಮಾರನೆಯ ದಿನ ತಾಯಿ ಕೈ ನಡುಗದೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ, ನೀವು ಕೊಟ್ಟ ಸಂಬಳ ಸಾರ್ಥಕವಾಯಿತೆಂದು ತಿಳಿಯಿರಿ.