ಕನಸಿಗೂ ಕಾಮೆಂಟ್ರಿ ಬೇಕಾ?

‘ನಾನು ಶ್ರೀಮಂತ, ನಾನು ಯಶಸ್ವಿ, ದುಡ್ಡು ನನ್ನ ಕಡೆ ಹರಿದು ಬರ್ತಿದೆ.’ ಎಂಟು ಗಂಟೆ ಕಾಲ ಇದನ್ನೇ ಮೆಲುದನಿಯಲ್ಲಿ ಗುನುಗುವ ಆಡಿಯೋ ಕಿವಿಗೆ ಸಿಕ್ಕಿಸಿಕೊಂಡು ಮಲಗೋರು ನಿಮ್ಮ ಪಿಜಿಯಲ್ಲೂ ಇದ್ದಾರೆ, ನನ್ನ ಟೀಮಿನಲ್ಲೂ ಇದ್ದಾರೆ. ಮಳೆ, ಕಾಡು, ರೈಲುಪ್ರಯಾಣ ಅಂತ ಕಥೆ ಹೇಳಿ ಮಲಗಿಸೋ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೋರೂ ಇದ್ದಾರೆ. ಕಿವಿಗೆ ಬಿದ್ದದ್ದು ಕನಸಿಗಿಳಿಯುತ್ತೆ, ಕನಸಿಗಿಳಿದದ್ದು ಬದುಕಿಗೆ ಬರುತ್ತೆ ಅನ್ನೋ ಲೆಕ್ಕಾಚಾರ.

ಮೊದಲು ಈ ಲೆಕ್ಕವನ್ನೇ ನೋಡೋಣ. 1958ರಲ್ಲಿ ಅಮೆರಿಕದ ಡಿಮೆಂಟ್ ಮತ್ತು ವೋಲ್ಪರ್ಟ್ ಕನಸು ಬೀಳೋ ಹೊತ್ತಿನಲ್ಲಿ ಮಲಗಿದ್ದವರ ಮೇಲೆ ಪ್ರಯೋಗ ಮಾಡಿದರು. ಮೈಮೇಲೆ ನೀರು ಚಿಮುಕಿಸಿದಾಗ ಶೇ. 42 ಕನಸುಗಳಲ್ಲಿ ಅದರ ಸುಳಿವಿತ್ತು, ಬೆಳಕು ಬಿಟ್ಟಾಗ ಶೇ. 23. ಒಂದೇ ಸ್ವರದ ಸದ್ದು ಮಾಡಿದಾಗ? ಬರೀ 9. (ನೀರು ಚಿಮುಕಿಸೋ ವಿದ್ಯೆ ನಮ್ಮವ್ವನಿಗೂ ಗೊತ್ತಿತ್ತು, ಸ್ಕೂಲಿಗೆ ಹೊತ್ತಾದಾಗ.) ಅದಕ್ಕೂ ಮುಂಚೆ ಸೈಮನ್, ಎಮನ್ಸ್ ಅನ್ನೋ ಇಬ್ಬರು ಮೆದುಳಿನ ಅಲೆಗಳನ್ನು ಅಳೆಯುತ್ತಾ, ನಿಜವಾಗಿಯೂ ನಿದ್ದೆ ಹೋದವರಿಗೆ ಪಾಠ ಕೇಳಿಸಿ ನೋಡಿದ್ದರು. ಬೆಳಿಗ್ಗೆ ಯಾರಿಗೂ ಏನೂ ನೆನಪಿರಲಿಲ್ಲ.

ಒಂದು ಕಡೆ ಮಾತ್ರ ಇದು ಕೆಲಸ ಮಾಡುತ್ತೆ. ಎಂಐಟಿಯವರು ಡಾರ್ಮಿಯೋ ಅಂತ ಕೈಗೆ ಕಟ್ಟಿಕೊಳ್ಳೋ ಸಾಧನ ಮಾಡಿದ್ದಾರೆ. ಕಣ್ಣು ಮುಚ್ಚಿ ಜೋಂಪು ಹತ್ತುತ್ತಿರುವಾಗ ‘ಮರದ ಬಗ್ಗೆ ಯೋಚಿಸು’ ಅಂತ ಹೇಳುತ್ತೆ, ಸ್ವಲ್ಪ ಹೊತ್ತಿಗೆ ಎಬ್ಬಿಸಿ ಏನು ಕಂಡೆ ಅಂತ ಕೇಳುತ್ತೆ. ಬಹಳ ಜನಕ್ಕೆ ಮರವೇ ಕಂಡಿತ್ತು. ಅಂದ್ರೆ ಬಾಗಿಲು ತೆರೆದಿರೋದು ಹೊಸಿಲಿನಲ್ಲಿ, ಕೆಲವೇ ನಿಮಿಷ. ಉಳಿದ ಏಳೂವರೆ ಗಂಟೆಯ ಪಾರಾಯಣ ನಿದ್ದೆ ಕೆಡಿಸೋಕಷ್ಟೇ.

ಆದರೆ ನನಗೆ ಸಿಟ್ಟು ಬರೋದು ಆ ತೆರೆದ ಬಾಗಿಲಿನ ವಿಚಾರಕ್ಕೆ. ಅಲ್ಲಿ ಯಾರು ನಿಂತಿದ್ದಾರೆ ನೋಡಿ. 2021ರಲ್ಲಿ ಕೂರ್ಸ್ ಬಿಯರ್ ಕಂಪನಿ, ಸೂಪರ್ ಬೌಲ್ ಪಂದ್ಯದ ಹೊತ್ತಿಗೆ, ಮಲಗೋ ಮುಂಚೆ ನೋಡೋಕೆ ಒಂದು ವಿಡಿಯೋ, ರಾತ್ರಿಯಿಡೀ ಕೇಳೋಕೆ ಒಂದು ಆಡಿಯೋ ಬಿಟ್ಟಿತು. ಬೆಟ್ಟ, ಜಲಪಾತ, ನಡುವೆ ತಣ್ಣನೆ ಬಿಯರ್. ನಿಮ್ಮ ಕನಸಲ್ಲಿ ನಮ್ಮ ಜಾಹೀರಾತು ಅಂತ ಮುಚ್ಚುಮರೆಯಿಲ್ಲದೆ ಹೇಳಿಕೊಂಡೇ ಮಾಡಿದರು. ಸುಮಾರು ನಲವತ್ತು ನಿದ್ರಾವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಇದನ್ನ ತಡೆಯಿರಿ ಅಂದರು. ಡಾರ್ಮಿಯೋ ಮಾಡಿದವರೇ ಅದರಲ್ಲಿದ್ದರು ಅನ್ನೋದನ್ನ ಮರೆಯಬೇಡಿ.

ವೀಕೆಂಡಿಗೆ ಕೆ.ಆರ್.ಎಸ್. ನೋಡೋಕೆ ಹೋಗ್ತೀರಲ್ಲ, ದಾರಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ರಂಗನಾಥಸ್ವಾಮಿ ಗುಡಿಯ ಹತ್ತಿರ ಟಿಪ್ಪುವಿನ ಲಾಲ್ ಮಹಲ್ ಇತ್ತು, ಈಗ ಅಡಿಪಾಯದ ಗುರುತಷ್ಟೇ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಅವನ ಮಲಗೋ ಕೋಣೆಯಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಪುಸ್ತಕ ಸಿಕ್ಕಿತು. ಟಿಪ್ಪು ತನ್ನ ಕೈಯಾರೆ ಪರ್ಷಿಯನ್ನಿನಲ್ಲಿ ಬರೆದಿಟ್ಟಿದ್ದ 37 ಕನಸುಗಳು. ಚೀನಾದಿಂದ ಬಂದ ಬಿಳಿ ಆನೆ, ಮೂರು ಬೆಳ್ಳಿತಟ್ಟೆ ತುಂಬ ಖರ್ಜೂರ. ತಟ್ಟೆ ಮೂರು ಯಾಕೆ? ಎದುರಾಳಿಗಳು ಮೂವರು: ಇಂಗ್ಲಿಷರು, ನಿಜಾಮ, ಮರಾಠರು. ಅವನೇ ಹಾಗೆ ಅರ್ಥ ಬರೆದುಕೊಂಡಿದ್ದ. ಹಗಲೆಲ್ಲ ತಲೆ ತಿಂದದ್ದು ರಾತ್ರಿ ಖರ್ಜೂರವಾಗಿ ಬಂತು. ಯಾರೂ ಕಿವಿಯಲ್ಲಿ ಊದಲಿಲ್ಲ.

ಆ ಪುಸ್ತಕವನ್ನ ಅವನು ಯಾರಿಗೂ ತೋರಿಸುತ್ತಿರಲಿಲ್ಲ ಅಂತ ಅವನ ಮುನ್ಷಿ ಹಬೀಬುಲ್ಲಾನೇ ಹೇಳಿದ್ದಾನೆ. ರಾಜ್ಯ, ಖಜಾನೆ, ಪುಸ್ತಕಭಂಡಾರ ಎಲ್ಲ ಬಾಚಿದ ಮೇಲೆ ಕಂಪನಿ ಸರ್ಕಾರ ಕನಸನ್ನೂ ಹಡಗು ಹತ್ತಿಸಿ ಲಂಡನ್ನಿಗೆ ಒಯ್ಯಿತು. ಅವರು ಕೋಟೆ ಒಡೆದು ಒಳಗೆ ಬರಬೇಕಾಯ್ತು. ನಾವು ‘ಅಲೋ’ ಒತ್ತುತ್ತಿದ್ದೀವಿ. ಅದೇ ಕನಸುಗಳನ್ನ ಹಿಡಿದು ಗಿರೀಶ ಕಾರ್ನಾಡರು ಬಿಬಿಸಿ ರೇಡಿಯೋಗೆ ನಾಟಕ ಬರೆದರು, ಅದೂ ಆಡಿಯೋನೇ. ಆದರೆ ಎಚ್ಚರವಾಗಿ ಕೂತೋರ ಕಿವಿಗೆ. ಒಪ್ಪೋಕೆ, ಜಗಳ ಆಡೋಕೆ, ಆಫ್ ಮಾಡೋಕೆ ಅವರಿಗೆ ಸಾಧ್ಯವಿತ್ತು.

‘ಹಂಗಾದ್ರೆ ಅಜ್ಜಿ ಜೋಗುಳ ಹಾಡ್ತಿರಲಿಲ್ವಾ, ಅದೇನು?’ ಅಂತೀರಿ. ಹಾಡ್ತಿದ್ದಳು. ಮಗು ಮಲಗಿತು ಅಂತ ಗೊತ್ತಾದ ತಕ್ಷಣ ನಿಲ್ಲಿಸಿ, ತೊಟ್ಟಿಲ ಹಗ್ಗ ಬಿಟ್ಟು, ಪಾತ್ರೆ ತೊಳೆಯೋಕೆ ಹೋಗ್ತಿದ್ದಳು. ನಿದ್ದೆ ಬಂದ ಮೇಲಿನದು ಮಗುವಿನ ಸ್ವಂತದ್ದು. ನಮ್ಮ ಪಾಂಡವಪುರದ ಕಡೆ ರಾತ್ರಿಯಿಡೀ ನಾಟಕ ನಡೀತಿದ್ರೆ ಚಾಪೆ ಮೇಲೆ ಅರ್ಧ ಊರು ಮಲಗಿರ್ತಿತ್ತು, ದುರ್ಯೋಧನನ ಅಬ್ಬರ ಕನಸಿಗೂ ನುಗ್ಗಿರಬಹುದು. ಆದರೆ ಆ ದುರ್ಯೋಧನ ನಮಗೆ ಏನನ್ನೂ ಮಾರೋಕೆ ಬಂದಿರಲಿಲ್ಲ.

ನಿದ್ದೆ ಬರದೆ ಒದ್ದಾಡೋರನ್ನ ನಾನು ಹೀಯಾಳಿಸ್ತಿಲ್ಲ. ರಾತ್ರಿ ಹತ್ತಕ್ಕೆ ಕ್ಲೈಂಟ್ ಕಾಲ್, ಬೆಳಿಗ್ಗೆ ಏಳಕ್ಕೆ ಕ್ಯಾಬ್. ಆದರೆ ನಿದ್ದೆ ಕಿತ್ಕೊಂಡ ಆಫೀಸೇ ‘ವೆಲ್‌ನೆಸ್’ ಹೆಸರಲ್ಲಿ ನಿದ್ದೆ ಆ್ಯಪ್ ಫ್ರೀ ಕೊಟ್ಟಾಗ ಥ್ಯಾಂಕ್ಸ್ ಹೇಳೋ ಮುಂಚೆ ಆ ಹತ್ತು ಗಂಟೆಯ ಕಾಲ್ ಬಗ್ಗೆ ಒಂದು ಮಾತು ಕೇಳಿ. ಕಥೆ ಬೇಕೇ ಬೇಕು ಅಂದ್ರೆ ಹದಿನೈದು ನಿಮಿಷಕ್ಕೆ ಟೈಮರ್ ಇಟ್ಟುಕೊಳ್ಳಿ. ಹಾಗೇ ಸೆಟ್ಟಿಂಗ್ಸಿಗೆ ಹೋಗಿ, ಗೊರಕೆ ಕೇಳಿಸಿಕೊಳ್ತೀನಿ ಅಂತ ಅದು ಮೈಕಿಗೂ ಅನುಮತಿ ತಗೊಂಡಿದೆಯಾ ನೋಡಿ.