ಯಕೃತ್ತಿನ ಶಸ್ತ್ರಕ್ರಿಯೆ: ವ್ಯಯವು ಯಾರ ಲೆಕ್ಕಕ್ಕೆ?

ಯಕೃತ್ತಿನಲ್ಲಿ ಬೆಳೆದ ಗಡ್ಡೆಯನ್ನು ಹೊಟ್ಟೆ ಸೀಳಿ ತೆಗೆಯುವುದು ಅಗ್ಗವೋ, ನಾಲ್ಕಾರು ಸಣ್ಣ ರಂಧ್ರಗಳಿಂದ ಕ್ಯಾಮೆರಾವನ್ನೂ ಉಪಕರಣಗಳನ್ನೂ ಇಳಿಸಿ ತೆಗೆಯುವುದು ಅಗ್ಗವೋ ಎಂಬ ಪ್ರಶ್ನೆಗೆ, ಆಪರೇಷನ್ ಥಿಯೇಟರಿನ ಬಿಲ್ಲೊಂದನ್ನೇ ಮುಂದಿಟ್ಟುಕೊಂಡು ಉತ್ತರ ಹೇಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆ ಬಿಲ್ಲಿನಲ್ಲಿ ಕೀಹೋಲ್ ವಿಧಾನವೇ ದುಬಾರಿಯಾಗಿ ಕಾಣುವುದು ಸಹಜ. ರಕ್ತನಾಳವನ್ನು ಏಕಕಾಲದಲ್ಲಿ ಹೊಲಿದು ಕತ್ತರಿಸುವ ಸ್ಟೇಪ್ಲರ್‌ನ ಪ್ರತಿಯೊಂದು ಕಾರ್ಟ್ರಿಜ್ಜೂ ಒಮ್ಮೆ ಬಳಸಿ ಬಿಸುಡತಕ್ಕದ್ದು. ತೆರೆದ ಶಸ್ತ್ರಕ್ರಿಯೆಯಲ್ಲಾದರೋ ಅಂಥದೇ ನಾಳವನ್ನು ಅನೇಕ ವೇಳೆ ದಾರದಿಂದ ಕಟ್ಟಿಯೇ ಮುಗಿಸಬಹುದು.

ಈ ಲೆಕ್ಕವನ್ನು ಥಿಯೇಟರಿನ ಬಾಗಿಲಿನಾಚೆಗೂ ಕೊಂಡೊಯ್ದವರು ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯ ಆಸ್ಪತ್ರೆಯ ಶಸ್ತ್ರವೈದ್ಯರು. ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದ 280 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿ, ಅವರು 2018ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ತೆರೆದ ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ 31 ಮಂದಿಗೆ ತೊಡಕುಗಳು ಕಾಣಿಸಿಕೊಂಡರೆ ಕೀಹೋಲ್ ಗುಂಪಿನಲ್ಲಿ 19 ಮಂದಿಗೆ. ಆಸ್ಪತ್ರೆಯ ವಾಸ ಅಲ್ಲಿ 96 ಗಂಟೆ, ಇಲ್ಲಿ 53. ನಾಲ್ಕು ತಿಂಗಳ ಒಟ್ಟು ವ್ಯಯವು ಮಾತ್ರ ಎರಡಕ್ಕೂ ಸಮ. ಐದು ವರ್ಷ ಬದುಕುಳಿದವರ ಪ್ರಮಾಣದಲ್ಲಿಯೂ ಭೇದ ಕಾಣಲಿಲ್ಲವೆಂದು ಅನಂತರ ತಿಳಿದುಬಂತು.

ಆದರೆ ಈ ಸಮತೆಯನ್ನು ಇದ್ದಂತೆಯೇ ತಂದು ನಮ್ಮ ನೆಲದಲ್ಲಿ ನೆಡುವುದು ಅವಿವೇಕವೆಂದು ನನ್ನ ದೃಢವಾದ ಅಭಿಪ್ರಾಯ. ನಾರ್ವೆಯಲ್ಲಿ ಹಾಸಿಗೆಯ ಒಂದು ದಿನವೂ ದಾದಿಯ ವೇತನವೂ ಬಹು ದುಬಾರಿಯಾದ್ದರಿಂದ, ಉಳಿದ ಆ 43 ಗಂಟೆಗಳು ಉಪಕರಣಗಳ ಬೆಲೆಯನ್ನು ತೀರಿಸಲು ನೆರವಾಗುತ್ತವೆ; ನಮ್ಮ ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಹಾಸಿಗೆಯ ವೆಚ್ಚ ಅಲ್ಪ, ಆಮದಾಗಿ ಬರುವ ಉಪಕರಣದ ಬೆಲೆಯೋ ಅಲ್ಪವಲ್ಲ. ಆದಕಾರಣ ಉಳಿತಾಯವು ಆಸ್ಪತ್ರೆಯ ಖಾತೆಯಲ್ಲಿ ಕಾಣಿಸದೆ, ಯಾರೂ ಲೆಕ್ಕವಿಡದ ರೋಗಿಯ ಮನೆಗೆ ಹೋಗಿ ಸೇರುತ್ತದೆ.

ಆ ಮನೆಯ ಲೆಕ್ಕ ಎಂಥದೆಂಬುದನ್ನು ವಾರ್ಡಿನಲ್ಲಿ ಕಂಡವರೇ ಬಲ್ಲರು. ಬಲಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಸೀಳಿದ ಗಾಯವು ಕೆಮ್ಮಿದರೆ ಎಳೆಯುತ್ತದೆ, ದೀರ್ಘವಾಗಿ ಉಸಿರೆಳೆದರೆ ಚುಚ್ಚುತ್ತದೆ. ಆ ಭಯಕ್ಕೆ ಮೇಲುಸಿರಿನಲ್ಲೇ ಇರುವವನ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ. ಹೊಲಿಗೆ ಒಣಗಿದ ಮೇಲೂ ಭಾರ ಎತ್ತಬೇಡವೆಂದು ವೈದ್ಯರ ಕಟ್ಟಪ್ಪಣೆ. ಮೂಟೆ ಹೊತ್ತು ಬದುಕುವವನಿಗೆ ಇದು ವಾರಗಟ್ಟಲೆ ಕೂಲಿಯ ನಷ್ಟ. ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗುವ ಹೆಂಡತಿಯ ಕೂಲಿಯೂ ಅದರೊಡನೆ ಹೋಯಿತು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತಿರುವುದು ಸಣ್ಣ ಮಾತಲ್ಲ. ಆದರೆ ಪ್ಯಾಕೇಜು ಎಂದರೆ ಗೊತ್ತುಪಡಿಸಿದ ಮೊತ್ತ. ಅದರೊಳಗೇ ಉಪಕರಣದ ಬೆಲೆ ಹೊಂದಬೇಕಾದಾಗ, ರೋಗಿಗೆ ಹಿತವಾದುದನ್ನು ಬಿಟ್ಟು ಲೆಕ್ಕಕ್ಕೆ ಹಿತವಾದುದನ್ನು ಆರಿಸುವ ಒತ್ತಡ ಆಸ್ಪತ್ರೆಯ ಮೇಲೆ ಬೀಳುತ್ತದೆ. ದರ ನಿಗದಿ ಮಾಡುವವರು ರೋಗಿಯೂ ಅವನ ಜೊತೆಗಿರುವವರೂ ಕಳೆದುಕೊಳ್ಳುವ ಕೂಲಿಯ ದಿನಗಳನ್ನು ವ್ಯಯವೆಂದು ಎಣಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಗಳು ಸ್ಟೇಪ್ಲರ್‌ಗಳನ್ನು ಒಟ್ಟಾಗಿ ಖರೀದಿಸಿ ಬೆಲೆಯನ್ನು ಇಳಿಸತಕ್ಕದ್ದು.

ಹಾಗೆಂದು ಎಲ್ಲರಿಗೂ ಕೀಹೋಲೇ ಆಗಲೆಂದು ಹಟ ಹಿಡಿಯಲಾಗದು. ಓಸ್ಲೋದ ವೈದ್ಯರು ನುರಿತವರು. ಅವರು ಆರಿಸಿಕೊಂಡದ್ದೂ ಯಕೃತ್ತಿನ ಸ್ವಲ್ಪ ಭಾಗವನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆಗಳನ್ನು. ಗಡ್ಡೆಯು ಮಹಾಸಿರೆಗೆ ಅಂಟಿದ್ದಾಗ ಪಳಗದ ಕೈ ಸಾಹಸಕ್ಕಿಳಿದರೆ, ರಕ್ತಸ್ರಾವವಾಗಿ ನಡುವೆಯೇ ಹೊಟ್ಟೆ ತೆರೆಯಬೇಕಾಗಿ ಬಂದು ಎರಡು ವಿಧಾನಗಳ ವ್ಯಯವೂ ಒಬ್ಬನ ತಲೆಗೇ ಬರುತ್ತದೆ. ಆದುದರಿಂದ, ಶಸ್ತ್ರಕ್ರಿಯೆಗೆ ಮೊದಲೇ ಎರಡು ವಿಧಾನಗಳ ಅಂದಾಜು ವೆಚ್ಚವನ್ನೂ, ಕೆಲಸಕ್ಕೆ ಮರಳಲು ಹಿಡಿಯುವ ದಿನಗಳನ್ನೂ, ಆ ವೈದ್ಯರು ಹಿಂದೆ ಇಂಥ ಎಷ್ಟು ಶಸ್ತ್ರಕ್ರಿಯೆಗಳನ್ನು ಮಾಡಿದ್ದಾರೆಂಬುದನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ರೋಗಿಯ ಮನೆಯವರ ಕೈಗೆ ಕೊಡುವುದನ್ನು ಸರ್ಕಾರವು ಕಡ್ಡಾಯ ಮಾಡಲಿ.