ಹಡಗು ಕೊಟ್ಟವರು, ಹಣ ಕೊಟ್ಟವರು

ಶತ್ರು ಬಾಗಿಲಲ್ಲಿ ನಿಂತಿರುವಾಗ ಮಿತ್ರರ ನಡುವೆ ಖರ್ಚಿನ ಮಾತು ಏಳುವುದಿಲ್ಲ. ಆತ ದೂರ ಸರಿದ ಮೇಲೆ ಲೆಕ್ಕದ ಪುಸ್ತಕ ಹೊರಬರುತ್ತದೆ. ಯಾರು ಎಷ್ಟು ಕೊಟ್ಟರು, ಯಾರು ಪರರ ನೆರಳಿನಲ್ಲಿ ಕುಳಿತು ಕಾಲ ಕಳೆದರು ಎಂಬ ಈ ಜಗಳಕ್ಕೆ ಎರಡೂವರೆ ಸಾವಿರ ವರ್ಷಗಳ ವಯಸ್ಸಾಗಿದೆ.

ಪರ್ಷಿಯಾದ ದಂಡು ಗ್ರೀಸಿನಿಂದ ಹಿಮ್ಮೆಟ್ಟಿದ ಬಳಿಕ, ಕ್ರಿ.ಪೂ. 478ರಲ್ಲಿ, ಏಜಿಯನ್ ಸಮುದ್ರದ ದ್ವೀಪಗಳೂ ಕರಾವಳಿಯ ಪಟ್ಟಣಗಳೂ ಅಥೆನ್ಸ್ ನಗರದ ಮುಂದಾಳ್ತನದಲ್ಲಿ ಒಂದು ಕೂಟ ಕಟ್ಟಿಕೊಂಡವು. ಅದರ ಭಂಡಾರವಿದ್ದುದು ಡೆಲಾಸ್ ದ್ವೀಪದಲ್ಲಿ. ಪಾಲು ಗೊತ್ತುಮಾಡುವ ಹೊಣೆ 'ನ್ಯಾಯವಂತ'ನೆಂದೇ ಹೆಸರಾದ ಅರಿಸ್ಟೈಡೀಸನ ಮೇಲೆ ಬಿತ್ತು. ಹಡಗು ಒದಗಿಸಬಲ್ಲವರು ಹಡಗನ್ನು, ಉಳಿದವರು ಹಣವನ್ನು ಕೊಡಬೇಕೆಂದು ಏರ್ಪಾಡಾಯಿತು. ಮೊದಲ ಕಂದಾಯ 460 ಟ್ಯಾಲೆಂಟ್ ಎಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ.

ಪಾಲು ನ್ಯಾಯವಾಗಿಯೇ ಇದ್ದಿತು. ಆದರೆ ಮನೆ ಬಿಟ್ಟು ಸಮುದ್ರದ ಮೇಲೆ ದುಡಿಯುವುದಕ್ಕಿಂತ ಹಣ ಎಣಿಸಿಕೊಡುವುದು ಸುಲಭವೆಂದು ಹಲವು ಪಟ್ಟಣಗಳಿಗೆ ಕಂಡಿತು. ಅವರ ಹಣದಿಂದ ಅಥೆನ್ಸಿನ ನೌಕಾಬಲ ಬೆಳೆಯಿತು. ಅವರ ಯುದ್ಧಾಭ್ಯಾಸ ಕುಗ್ಗಿತು. ನಾಕ್ಸಾಸ್ ದ್ವೀಪ ಕೂಟದಿಂದ ಹೊರಬರಲೆಳಸಿದಾಗ ಅಥೆನ್ಸ್ ಅದನ್ನು ಮುತ್ತಿ ಮಣಿಸಿತು. ಕ್ರಿ.ಪೂ. 454ರ ವೇಳೆಗೆ ಭಂಡಾರವೇ ಅಥೆನ್ಸಿಗೆ ಸಾಗಿತು. ಮಿತ್ರರ ಹಣದಲ್ಲಿ ನಗರಕ್ಕೆ ಶೃಂಗಾರವೇಕೆಂದು ಅಲ್ಲಿಯವರೇ ಕೆಲವರು ಆಕ್ಷೇಪಿಸಿದರು. ರಕ್ಷಣೆ ಒದಗಿಸುತ್ತಿರುವವರೆಗೆ ಲೆಕ್ಕ ಒಪ್ಪಿಸಬೇಕಾದುದಿಲ್ಲವೆಂಬುದು ಪೆರಿಕ್ಲೀಸನ ವಾದವಾಗಿದ್ದಿತೆಂದು ಪ್ಲೂಟಾರ್ಕ್ ಹೇಳುತ್ತಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಇಂದಿನ ನೇಟೋ ಕೂಟದಲ್ಲಿ ಕೇಳಿಬರುವ ದೂರು ಇದಕ್ಕೆ ತಿರುಗುಮುರುಗು. ಇಲ್ಲಿ ಗೊಣಗುವವನು ಹಿರಿಯಣ್ಣ. 1949ರಲ್ಲಿ 12 ರಾಷ್ಟ್ರಗಳು ಸೇರಿ ಕಟ್ಟಿದ ಈ ಕೂಟದ ಭಾರದಲ್ಲಿ ದೊಡ್ಡ ಪಾಲನ್ನು ತಾನೇ ಹೊತ್ತಿರುವೆನೆಂದು ಅಮೆರಿಕ ಬಹುಕಾಲದಿಂದ ಹೇಳುತ್ತ ಬಂದಿದೆ. ಪ್ರತಿ ಸದಸ್ಯ ರಾಷ್ಟ್ರವೂ ತನ್ನ ಒಟ್ಟು ಉತ್ಪನ್ನದ ಶೇಕಡ 2ರಷ್ಟನ್ನು ರಕ್ಷಣೆಗೆ ಮೀಸಲಿಡುವ ಗುರಿಯನ್ನು 2014ರ ವೇಲ್ಸ್ ಸಮ್ಮೇಳನ ಗೊತ್ತುಮಾಡಿತು. 2025ರ ಹೇಗ್ ಸಮ್ಮೇಳನ 2035ರ ವೇಳೆಗೆ ಅದನ್ನು ಶೇಕಡ 5ಕ್ಕೆ ಏರಿಸಲು ನಿರ್ಧರಿಸಿತು: ಸೈನ್ಯಕ್ಕೆ 3.5, ರಸ್ತೆ ಸೇತುವೆ ಮೊದಲಾದ ಪೂರಕ ಕಾರ್ಯಗಳಿಗೆ 1.5.

ಈ ಹಣ ಅಮೆರಿಕದ ಬೊಕ್ಕಸಕ್ಕೆ ಸಲ್ಲುವ ಕಪ್ಪವಲ್ಲ. ಕೂಟಕ್ಕೆ ಸಾಮಾನ್ಯ ನಿಧಿಯೊಂದು ಬೇರೆಯೇ ಇದೆ, ಅದು ಚಿಕ್ಕದು. ಶೇಕಡವಾರು ಗುರಿಯ ಹಣವನ್ನು ಆಯಾ ರಾಷ್ಟ್ರ ತನ್ನ ಸೈನ್ಯಕ್ಕೆ, ತನ್ನ ರಕ್ಷಣೆಗೆ ತಾನೇ ವೆಚ್ಚಮಾಡಬೇಕು. ಡೆಲಾಸಿನ ಕೂಟಕ್ಕೂ ಇದಕ್ಕೂ ಇರುವ ಮುಖ್ಯ ಅಂತರ ಇದೇ.

ಹಾಗೆಂದು ಶೇಕಡವಾರು ಲೆಕ್ಕ ಎಲ್ಲವನ್ನೂ ಅಳೆಯಲಾರದು. ಸ್ಥಾಯೀ ಸೈನ್ಯವೇ ಇಲ್ಲದ ಐಸ್‌ಲೆಂಡ್ ಮೊದಲ ಹನ್ನೆರಡರಲ್ಲಿ ಒಂದು. ಅಟ್ಲಾಂಟಿಕ್ ಸಾಗರದ ನಡುವೆ ನೆಲೆ ನೀಡಿದ್ದು ಅದರ ಪಾಲು. ಒಬ್ಬನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿಯೆಂಬ ಐದನೆಯ ವಿಧಿಯನ್ನು ಕೂಟ ಮೊದಲು ಜಾರಿಗೆ ತಂದದ್ದು 2001ರಲ್ಲಿ, ಅಮೆರಿಕದ ಮೇಲೆ ದಾಳಿಯಾದಾಗ. ಬಳಿಕ ಆಫ್ಘಾನಿಸ್ತಾನದಲ್ಲಿ ಡೆನ್ಮಾರ್ಕ್, ಎಸ್ಟೋನಿಯಗಳಂಥ ಪುಟ್ಟ ನಾಡುಗಳ ತರುಣರೂ ಮಡಿದರು. ಆ ಬಾಬನ್ನು ಯಾವ ಖಾತೆಯಲ್ಲಿ ಬರೆಯುವುದು?

ಆದುದರಿಂದ ನ್ಯಾಯವಾದ ಹಂಚಿಕೆಯಲ್ಲಿ ಹಣದೊಡನೆ ನೆಲವೂ ಜನವೂ ಎಣಿಕೆಗೆ ಬರಬೇಕು. ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಉಳಿಯಬೇಕು. ತನ್ನ ಕಾವಲನ್ನು ಪೂರ್ತಿಯಾಗಿ ಪರರಿಗೆ ಒಪ್ಪಿಸಿದವನು ಎಷ್ಟೇ ಹಣ ತೆತ್ತರೂ ಕೊನೆಗೆ ಮಿತ್ರನಾಗಿ ಉಳಿಯಲಾರನೆಂಬುದಕ್ಕೆ ಡೆಲಾಸಿನ ಕೂಟದ ಕಥೆ ಸಾಕ್ಷಿ.